ಇನ್ನೊಂದು ಸಲ ಕೇಳಲಿ ಅಂತ

ನಮ್ಮ ಕಡೆ ಯಾರಾದರೂ ಕಾಫಿ ಕುಡೀತೀರಾ ಅಂದರೆ ಮೊದಲು ಬೇಡ ಅನ್ನಬೇಕು. ಎರಡನೇ ಸಲ ಕೇಳಿದರೆ “ಈಗಷ್ಟೇ ಆಯ್ತು” ಅನ್ನಬೇಕು. ಮೂರನೇ ಸಲ ಅವರು ಕೇಳುವುದೇ ಇಲ್ಲ, ಲೋಟ ತಂದು ಕೈಗೆ ಕೊಡುತ್ತಾರೆ. ಆಗ “ಅಯ್ಯೋ, ಸುಮ್ನೆ ತೊಂದ್ರೆ ತಗೊಂಡ್ರಿ” ಅಂತ ಕುಡಿಯಬೇಕು. ಇದನ್ನು ನನಗೆ ಕಲಿಸಿದ್ದು ಅಮ್ಮ, ಅದೂ ತೊಡೆ ಚಿವುಟಿ. ಚಿಕ್ಕವಳಿದ್ದಾಗ ಹುಂಚದ ದೊಡ್ಡಮ್ಮನ ಮನೆಯಲ್ಲಿ “ಇನ್ನೊಂದು ಕಡುಬು ಹಾಕ್ಲಾ ಪುಟ್ಟಿ?” ಅಂತ ಕೇಳಿದ್ದಕ್ಕೆ ನಾನು ಹೂಂ ಅಂದುಬಿಟ್ಟಿದ್ದೆ. ವಾಪಸ್ ಬಸ್ಸಿನಲ್ಲಿ ಸಾಗರ ಬರುವ ತನಕ ಮಂಗಳಾರತಿ. “ಕೇಳಿದ ತಕ್ಷಣ ಹೂಂ ಅಂತಾರೇನೇ? ಮನೇಲಿ ಅನ್ನ ಕಾಣದವಳ ಹಂಗೆ!” ಅಂತ. ಅವತ್ತಿನಿಂದ ಯಾರ ಮನೆಯಲ್ಲೂ ಮೊದಲ ಸಲಕ್ಕೇ ಹೂಂ ಅಂದವಳಲ್ಲ ನಾನು.

ಒಳ್ಳೆಯ ಅಭ್ಯಾಸವೇ. ಆದರೆ ಅದೇ ನನ್ನ ಬದುಕಿಗೆ ಕಲ್ಲು ಹಾಕಿತು ಅಂತ ಈಗ ಹೇಳಿದರೆ ಜನ ನಗುತ್ತಾರೆ. ನಗಲಿ ಬಿಡಿ.

ನಾನು ಇಂಗ್ಲಿಷ್ ಮೇಡಂ. ಹುಟ್ಟಿದ್ದು ಸಾಗರದಲ್ಲಿ, ಮೊದಲ ಕೆಲಸ ಹೊಸನಗರದಲ್ಲಿ, ಆಮೇಲೆ ತೀರ್ಥಹಳ್ಳಿಯ ಒಂದು ಖಾಸಗಿ ಶಾಲೆ. ಬಿ.ಎಡ್. ಮಾಡಲು ಶಿವಮೊಗ್ಗಕ್ಕೆ ಹೋಗಿದ್ದು ಬಿಟ್ಟರೆ ನನ್ನ ಪ್ರಪಂಚ ಅಂದರೆ ಈ ಮೂರು ತಾಲ್ಲೂಕು. ವರ್ಷಕ್ಕೊಂದು ಸಲ ಮಕ್ಕಳನ್ನು ಕರಕೊಂಡು ಆಗುಂಬೆಗೆ ಟೂರು ಹೋಗುತ್ತಿದ್ದೆವು, ಅದೂ ತೀರ್ಥಹಳ್ಳಿ ತಾಲ್ಲೂಕೇ. ಮದುವೆ ಆಗಲಿಲ್ಲ. ಯಾಕೆ ಆಗಲಿಲ್ಲ ಅಂತ ಕೇಳುವವರಿಗೆ ಊರಲ್ಲಿ ಬರ ಇಲ್ಲ, ಆ ಪುರಾಣ ಇಲ್ಲಿ ಬೇಡ. ಅಪ್ಪ ಅಮ್ಮ ತೀರಿಕೊಂಡ ಮೇಲೆ ನನಗೆ ಉಳಿದಿದ್ದು ಸಾಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವ ಅಣ್ಣ ಒಬ್ಬ. ನಾನಿರುವುದು ತೀರ್ಥಹಳ್ಳಿಯ ಬಸ್ ಸ್ಟ್ಯಾಂಡ್ ಹಿಂದೆ, ಟೈಲರ್ ಅಂಗಡಿಯ ಮೇಲಿನ ಬಾಡಿಗೆ ಮನೆಯಲ್ಲಿ. ಕೆಳಗಡೆ ಹೊಲಿಗೆ ಮಿಷನ್ನು ಓಡುತ್ತಿದ್ದರೆ ನೆಲವೂ ಸಣ್ಣಗೆ ನಡುಗುತ್ತದೆ.

ವಿದೇಶಕ್ಕೆ ಹೋಗಿ ಪಾಠ ಮಾಡುವ ಹುಚ್ಚು ನನಗೆ ಹಿಡಿದದ್ದು ಸಂಬಳದ ಆಸೆಗಲ್ಲ ಅಂದರೆ ಯಾರೂ ನಂಬಲ್ಲ. ನಿಜ ಹೇಳುತ್ತೇನೆ. ಇಷ್ಟು ವರ್ಷ ಇಂಗ್ಲಿಷ್ ಕಲಿಸಿದೆ, ಆದರೆ ಇಂಗ್ಲಿಷ್ ಇಲ್ಲದಿದ್ದರೆ ಗತಿಯಿಲ್ಲ ಅನ್ನುವಂಥ ಒಂದು ಕ್ಲಾಸನ್ನೂ ನಾನು ನೋಡಿರಲಿಲ್ಲ. ಪಾಠ ಓದುವುದು, ಅರ್ಥ ಕನ್ನಡದಲ್ಲಿ ಹೇಳುವುದು, ಪ್ರಶ್ನೆಗೆ ಉತ್ತರ ಬರೆಸುವುದು. ಮಕ್ಕಳು ಮುಖ ಬಾಡಿಸಿಕೊಂಡರೆ ಕನ್ನಡಕ್ಕೆ ಇಳಿದುಬಿಡುವುದು. ನನಗೆ ನಿಜವಾಗಿ ಕಲಿಸೋಕೆ ಬರುತ್ತದಾ, ಇಲ್ಲಾ ಇಷ್ಟು ದಿನ ಕನ್ನಡದ ಹೆಗಲ ಮೇಲೆ ಕೂತು ಸವಾರಿ ಮಾಡಿದೆನಾ? ನನ್ನ ಮಾತು ಒಂದಕ್ಷರ ಬರದ ಮಕ್ಕಳ ಎದುರು ನಿಂತು, ಬರೀ ಕೈ, ಕಣ್ಣು, ಚಿತ್ರ, ಇಂಗ್ಲಿಷ್ ಇಷ್ಟರಲ್ಲೇ ಅವರ ಬಾಯಿ ಬಿಡಿಸಬೇಕು ಅನ್ನುವ ಆಸೆ. ಸಾಯುವುದರೊಳಗೆ ಒಂದು ವರ್ಷವಾದರೂ ಹಾಗೆ ಪಾಠ ಮಾಡಿದರೆ ಸಾಕು ಅಂತಿತ್ತು.

ಹುಚ್ಚಿಗೆ ಗಾಳಿ ಹಾಕಿದ್ದು ನಮ್ಮ ಶಾಲೆಗೆ ಹೊಸದಾಗಿ ಬಂದ ಒಬ್ಬ ಹುಡುಗಿ. ಜೋಗದ ಹತ್ತಿರದ ಕಾರ್ಗಲ್ಲಿನವಳು. ಅವಳ ಅಪ್ಪ ಪವರ್ ಪ್ರಾಜೆಕ್ಟಿನಲ್ಲಿದ್ದವರು, ಅವಳು ಕ್ವಾರ್ಟರ್ಸಿನಲ್ಲೇ ಬೆಳೆದವಳು. ಎಲ್ಲೆಲ್ಲಿಂದಲೋ ಬಂದವರ ಮಕ್ಕಳ ಜೊತೆ ಆಡಿಕೊಂಡು ಬೆಳೆದಿದ್ದಕ್ಕೋ ಏನೋ, ನಮ್ಮ ಸಂಕೋಚ ಅವಳಿಗೆ ಅಂಟಿರಲಿಲ್ಲ. ಹಸಿವಾದರೆ ಹಸಿವು ಅನ್ನುವಳು. ಬೇಕಾದರೆ ಬೇಕು ಅನ್ನುವಳು. ಸ್ಟಾಫ್ ರೂಮಿನಲ್ಲಿ ನನ್ನ ಡಬ್ಬಿ ತೆಗೆದು, “ಅಕ್ಕಾ, ಈ ಪತ್ರೊಡೆ ನಂಗೆ,” ಅಂತ ಎತ್ತಿಕೊಂಡುಬಿಡುವಳು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರಲ್ಲ, ಹಾಗೆ. ಅವಳ ಇಂಗ್ಲಿಷಿನಲ್ಲಿ ಸಾಲಿಗೊಂದು ತಪ್ಪಿರುತ್ತಿತ್ತು, ಆದರೆ ಬಾಯಿ ನಿಲ್ಲುತ್ತಿರಲಿಲ್ಲ. ನಾನು ತಿದ್ದಿದರೆ “ಹೌದಲ್ಲ!” ಅಂತ ನಕ್ಕು ಮುಂದೆ ಹೋಗುವಳು. ನನಗೆ ಅವಳು ಅಂದರೆ ಜೀವ.

“ಅಕ್ಕಾ, ವಿಯೆಟ್ನಾಂನಲ್ಲಿ ಇಂಗ್ಲಿಷ್ ಟೀಚರ್ ಬೇಕಂತೆ. ನಾವಿಬ್ರೂ ಹಾಕಣ,” ಅಂತ ಒಂದು ಮಧ್ಯಾಹ್ನ ಫೋನ್ ಹಿಡಿದು ಬಂದಳು.

“ಹಾಕಣ ಹಾಕಣ, ಅವ್ರು ಪಲ್ಲಕ್ಕಿ ಕಳಿಸ್ತಾರೆ,” ಅಂದೆ. ಅಂದೆನೇ ಹೊರತು ಆ ದಿನ ಮನೆಗೆ ಹೋದ ಮೇಲೆ ಫೋನ್ ಕೆಳಗಿಡಲಿಲ್ಲ.

ಅದಕ್ಕೊಂದು ಸರ್ಟಿಫಿಕೇಟ್ ಕೋರ್ಸ್ ಬೇಕಿತ್ತು. ಆನ್‌ಲೈನ್‌ನಲ್ಲಿ ಇಬ್ಬರೂ ಸೇರಿದೆವು. ಶಾಲೆ ಬಿಟ್ಟ ಮೇಲೆ ಅವಳು ನನ್ನ ಮನೆಗೆ ಬರುವಳು, ಮಂಡಕ್ಕಿ ಒಗ್ಗರಣೆ ಮುಂದಿಟ್ಟುಕೊಂಡು ಪಾಠ ಓದುವುದು. ಅಲ್ಲಿ ಹೇಳಿಕೊಡುವುದೆಲ್ಲ ನಾವು ಮಾಡುತ್ತಿದ್ದುದಕ್ಕೆ ತದ್ವಿರುದ್ಧ. ಟೀಚರ್ ಕಡಿಮೆ ಮಾತಾಡಬೇಕು, ಮಕ್ಕಳು ಹೆಚ್ಚು ಮಾತಾಡಬೇಕು. ಅರ್ಥ ಹೇಳಬಾರದು, ತೋರಿಸಬೇಕು. ಅರ್ಥ ಆಯ್ತಾ ಅಂತ ಕೇಳಲೇಬಾರದು, ಎಲ್ಲರೂ ಹೂಂ ಅಂತಾರೆ. ಅರ್ಥ ಆಗಿದೆಯೋ ಇಲ್ಲವೋ ಬೇರೆ ಪ್ರಶ್ನೆ ಹಾಕಿ ಕಂಡುಹಿಡಿಯಬೇಕು. ನಾನು ಬೆರಗಾಗಿ ಕೂತೆ. ಮರುದಿನವೇ ಐದನೇ ಕ್ಲಾಸಿನಲ್ಲಿ ಮಾಡಿ ನೋಡಿದೆ. ಮೂಲೆಯಲ್ಲಿ ಕೂತು ಬಾಯೇ ಬಿಡದ ಒಬ್ಬಳು ಎದ್ದು ನಿಂತು ಎರಡು ಸಾಲು ಇಂಗ್ಲಿಷ್ ಮಾತಾಡಿದಳು. ಹೆಡ್‌ಮಿಸ್ ಮಾತ್ರ “ಕ್ಲಾಸಲ್ಲಿ ಎಂಥದು ಗಲಾಟೆ?” ಅಂದರು.

ಅರ್ಜಿ ಹಾಕತೊಡಗಿದ ಮೇಲೆ ಗೊತ್ತಾಯಿತು ಹೊರಗಿನ ಗಾಳಿ ಎಂಥದು ಅಂತ. ಇಂಗ್ಲಿಷ್ ಮಾತೃಭಾಷೆಯವರಿಗೆ ಮಾತ್ರ ಅಂತ ಒಂದು ಕಡೆ. ಇಂಥಿಂಥ ದೇಶದ ಪಾಸ್‌ಪೋರ್ಟ್ ಇರಬೇಕು ಅಂತ ಇನ್ನೊಂದು ಕಡೆ. ಒಬ್ಬರಂತೂ ಫೋಟೋ ಕಳಿಸಿ ಅಂದರು, ಕಳಿಸಿದೆ, ಅಲ್ಲಿಗೆ ಮೌನವ್ರತ. ನನ್ನ ಮುಖದಲ್ಲಿ ವ್ಯಾಕರಣದ ತಪ್ಪೇನಾದರೂ ಕಂಡಿತೋ ಏನೋ ಮಾರಾಯ್ರೆ! ಕಾರ್ಗಲ್ ಹುಡುಗಿ ಬಿದ್ದು ಬಿದ್ದು ನಕ್ಕಳು. ನನಗೆ ಒಳಗೊಳಗೇ ಉರಿಯಿತು.

ಕೊನೆಗೆ ವಿಯೆಟ್ನಾಂನ ಒಂದು ಸಣ್ಣ ಶಾಲೆಯವರು ಇಬ್ಬರಿಗೂ ಸಂದರ್ಶನ ಅಂತ ಬರೆದರು. ಮೊದಲು ನನಗೆ, ಎರಡು ದಿನ ಬಿಟ್ಟು ಅವಳಿಗೆ. ನನ್ನ ಸರದಿಯ ದಿನ ಅವಳೇ ಬಂದು ಡಿಕ್ಷನರಿಗಳನ್ನು ಒಂದರ ಮೇಲೊಂದು ಪೇರಿಸಿ ಅದಕ್ಕೆ ಫೋನ್ ಒರಗಿಸಿಟ್ಟಳು. ಕೆಳಗಿಳಿದು ಹೋಗಿ ಟೈಲರಿಗೆ “ಅರ್ಧ ಗಂಟೆ ಮಿಷನ್ ನಿಲ್ಸಿ, ಅಕ್ಕನ ಇಂಟರ್‌ವ್ಯೂ,” ಅಂತ ಹೇಳಿ ತನ್ನ ರೂಮಿಗೆ ಹೋದಳು.

ಪರದೆಯ ಮೇಲೆ ಬಂದದ್ದು ಆ ಶಾಲೆಯ ಮುಖ್ಯಸ್ಥೆ, ಫಿಲಿಪೀನ್ಸ್ ಹೆಂಗಸು. ನನ್ನದೇ ವಯಸ್ಸಿರಬೇಕು. ದುಂಡು ಮುಖ, ಬಾಯ್ತುಂಬ ನಗು. ಅವರದ್ದೂ ಹುಟ್ಟಿನಿಂದ ಬಂದ ಇಂಗ್ಲಿಷ್ ಅಲ್ಲ ಅನ್ನುವುದೇ ನನಗೆ ಧೈರ್ಯ ಕೊಟ್ಟಿತು. ಪಾಠ ಮಾಡಿ ತೋರಿಸಿ ಅಂದರು. ನಾನು ಆರಿಸಿಕೊಂಡಿದ್ದು ಪುಟ್ಟ ಮಕ್ಕಳಿಗೆ ನನಗೆ ಇದು ಬೇಕು, ನನಗೆ ಅದು ಬೇಕು ಅಂತ ಕೇಳಲು ಕಲಿಸುವ ಪಾಠ. ಮಾವಿನಹಣ್ಣಿನ ಚಿತ್ರ, ಬಲೂನಿನ ಚಿತ್ರ ನಾನೇ ಬರೆದಿಟ್ಟುಕೊಂಡಿದ್ದೆ. ಆಯಮ್ಮ ಬೇಕಂತಲೇ ಹಟಮಾರಿ ಮಗುವಿನ ಹಾಗೆ ಬಾಯಿ ಮುಚ್ಚಿ ಕೂತರು. ನಾನು ಹಣ್ಣು ತೋರಿಸಿ, ಹಿಂದಕ್ಕೆ ಎಳೆದುಕೊಂಡು, ನಾನೇ ತಿಂದ ಹಾಗೆ ಮಾಡಿ, ಅಂತೂ ಅವರ ಬಾಯಿಂದ ನನಗೆ ಹಣ್ಣು ಬೇಕು ಅಂತ ಹೇಳಿಸಿದೆ. ಅವರು ಚಪ್ಪಾಳೆ ತಟ್ಟಿ ನಕ್ಕುಬಿಟ್ಟರು. ಕನ್ನಡದ ನೆನಪೇ ಬರದೆ ಅಷ್ಟು ಹೊತ್ತು ಕಳೆದಿದ್ದೆ ಅಂತ ನನಗೆ ಆಮೇಲೆ ಹೊಳೆಯಿತು.

ಆಮೇಲೆ ಅವರು ಸುತ್ತಿ ಬಳಸದೆ ಹೇಳಿದರು: ನೀವು ನಮಗೆ ಬೇಕು, ಹೊಸ ಟರ್ಮ್ ಶುರುವಾಗುವ ಹೊತ್ತಿಗೆ ಬರುತ್ತೀರಾ?

ಒಳಗೆ ಮನಸ್ಸು ಬರ್ತೀನಿ ಬರ್ತೀನಿ ಅಂತ ಕುಣಿಯುತ್ತಿತ್ತು. ಬಾಯಿಂದ ಬಂದದ್ದು ಏನು ಗೊತ್ತಾ? ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂತ. ಒಳ್ಳೆ ಚೊಕ್ಕ ಇಂಗ್ಲಿಷಿನಲ್ಲಿ!

ಮನೆಯಲ್ಲಿ ಕೇಳಿ ಹೇಳ್ತೀನಿ ಅನ್ನುವುದು ನಮ್ಮ ಹೆಂಗಸರ ಬಾಯಲ್ಲಿ ಉಸಿರಿನಷ್ಟು ಸಲೀಸು. ಸೀರೆ ಮಾರುವವ ಬಂದರೂ ಅದೇ, ಇನ್ಶೂರೆನ್ಸಿನವರು ಬಂದರೂ ಅದೇ, ಮದುವೆಗೆ ಕರೆದರೂ ಅದೇ. ಬೇಡ ಅನ್ನುವವರೂ ಹಾಗೇ ಹೇಳುತ್ತಾರೆ, ಬೇಕೇ ಬೇಕು ಅನ್ನುವವರೂ ಹಾಗೇ ಹೇಳುತ್ತಾರೆ. ನನ್ನ ಮನೆಯಲ್ಲಿ ಕೇಳುವುದಕ್ಕೆ ಇದ್ದದ್ದಾದರೂ ಯಾರು, ನನ್ನ ಕರ್ಮ! ಒಂದು ಗ್ಯಾಸ್ ಸ್ಟವ್, ಒಂದು ಕಬ್ಬಿಣದ ಬೀರು. ಆದರೂ ಅಂದೆ. ಅಂದು ಕಾದೆ. ನಮ್ಮವರಾಗಿದ್ದರೆ “ಅಯ್ಯೋ ಕೇಳೋದೆಂಥ ಮಾರಾಯ್ರೆ, ನೀವು ಬರಲೇಬೇಕು” ಅಂತ ಒತ್ತಾಯ ಮಾಡುತ್ತಿದ್ದರು. ಆಗ ನಾನು ನೋಡಣ ಅನ್ನುತ್ತಿದ್ದೆ, ಅವರು ನೋಡೋದೂ ಇಲ್ಲ ಗೀಡೋದೂ ಇಲ್ಲ ಅನ್ನುತ್ತಿದ್ದರು, ಆಗ ನಾನು ಒಪ್ಪುತ್ತಿದ್ದೆ.

ಆಯಮ್ಮ ಒತ್ತಾಯ ಮಾಡಲಿಲ್ಲ. ಮುಖ ಸ್ವಲ್ಪ ಇಳಿಯಿತು. ಖಂಡಿತ ಕೇಳಿ, ಮನೆಯವರು ಮುಖ್ಯ, ಶುಕ್ರವಾರದೊಳಗೆ ತಿಳಿಸಿ ಅಂತ ಮೆತ್ತಗೆ ಹೇಳಿ ಕೈ ಬೀಸಿದರು. ಪರದೆ ಕಪ್ಪಾಯಿತು. ಕೆಳಗೆ ಟೈಲರ್ ಇನ್ನೂ ಮಿಷನ್ ನಿಲ್ಲಿಸಿಕೊಂಡೇ ಕೂತಿದ್ದ.

ಶುಕ್ರವಾರದೊಳಗೆ ಬರ್ತೀನಿ ಅಂತ ಒಂದು ಸಾಲು ಬರೆದು ಹಾಕಿದ್ದರೆ ಮುಗಿದುಹೋಗುತ್ತಿತ್ತಲ್ಲ ಅಂತ ನೀವು ಕೇಳಬಹುದು. ನಾನೂ ನನ್ನನ್ನು ಕೇಳಿಕೊಂಡಿದ್ದೇನೆ. ಉತ್ತರ ಹೇಳಿದರೆ ಬೇರೆ ಊರಿನವರಿಗೆ ತಲೆಬುಡ ಅರ್ಥ ಆಗಲಿಕ್ಕಿಲ್ಲ. ನಮ್ಮಲ್ಲಿ ದಾರಿಯಲ್ಲಿ ಸಿಕ್ಕಾಗ ಮದುವೆಗೆ ಬನ್ನಿ ಅಂದರೆ ಕರೆದ ಹಾಗಲ್ಲ. ಮನೆಗೆ ಬಂದು ಕುಂಕುಮ ಕೊಟ್ಟು ಕರೆಯಬೇಕು. ಆಮೇಲೂ ಹಿಂದಿನ ದಿನ ಒಂದು ಸಲ ನೆನಪು ಮಾಡಬೇಕು. ಅಷ್ಟು ಮಾಡದೆ ಹೋದವರನ್ನು ಕರೆಯದೆ ಬಂದವರು ಅಂತಾರೆ. ನನಗೂ ಹಾಗೇ. ಒಂದೇ ಸಲ ಕರೆದದ್ದಕ್ಕೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರೆ ಅವರು ಏನಂದುಕೊಂಡಾರು? ನಿಜವಾಗಿ ಬೇಕಿದ್ದರೆ ಇನ್ನೊಂದು ಸಲ ಕೇಳಿಯೇ ಕೇಳುತ್ತಾರೆ ಅಂತ ನಂಬಿಕೊಂಡು ಕೂತೆ. ಗುರುವಾರ ತಡೆಯಲಾರದೆ ಒಂದು ಮೇಲ್ ಕಳಿಸಿದೆ. ಅದರಲ್ಲಾದರೂ ಬರ್ತೀನಿ ಅಂತ ಬರೆದೆನಾ? ಇಲ್ಲ. ಮನೆಯವರು ಯೋಚನೆ ಮಾಡುತ್ತಿದ್ದಾರೆ, ನನ್ನಿಂದ ನಿಮಗೆ ತೊಂದರೆ ಆಗದಿರಲಿ ಅಂತ ಬರೆದೆ. ನಮ್ಮೂರಿನ ಯಾವ ಹೆಂಗಸು ಓದಿದರೂ ಓಹೋ, ಇವಳು ಬಟ್ಟೆ ಮಡಚಿಟ್ಟುಕೊಂಡು ಕಾಯುತ್ತಿದ್ದಾಳೆ ಅಂತ ತಿಳಿದುಕೊಳ್ಳುತ್ತಿದ್ದಳು.

ಮರುದಿನ ಬಂದ ಅವರ ಉತ್ತರ ತುಂಬ ಒಳ್ಳೆಯ ಮನಸ್ಸಿನದ್ದು. ನಿಮ್ಮ ಕಷ್ಟ ನಮಗೆ ಅರ್ಥವಾಗುತ್ತದೆ, ನೀವು ಮುಜುಗರ ಪಡಬೇಡಿ, ಜಾಗವನ್ನು ಇನ್ನೊಬ್ಬರಿಗೆ ಕೊಟ್ಟಿದ್ದೇವೆ ಅಂತ. ಅಷ್ಟು ಒಳ್ಳೆ ಮಾತಿಗೆ ಸಿಟ್ಟು ಮಾಡುವುದಾದರೂ ಹೇಗೆ? ಚಾಪೆ ಹಾಸಿ ಗೋಡೆ ಕಡೆ ಮುಖ ಮಾಡಿ ಮಲಗಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ದೇವರೂ ಕೊಟ್ಟ, ಪೂಜಾರಿಯೂ ಕೊಟ್ಟ, ನಾನೇ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದೆ.

ಆ ಇನ್ನೊಬ್ಬರು ಯಾರು ಅಂತ ಸಂಜೆಯೇ ಗೊತ್ತಾಯಿತು. ಕಾರ್ಗಲ್ ಹುಡುಗಿ ಮೆಟ್ಟಿಲು ಹತ್ತಿ ಬಂದಳು. ಖುಷಿಯನ್ನು ತಡೆಹಿಡಿದು ಅವಳ ಮುಖ ಕೆಂಪಾಗಿತ್ತು.

“ಅಕ್ಕಾ, ನಂಗೆ ಸಿಕ್ತು. ಆದ್ರೆ ನೀವು ಬೇಡ ಅಂದ್ರಂತಲ್ಲ? ಯಾಕೆ ಅಕ್ಕಾ? ಅವ್ರು ನಿಮ್ಮ ಪಾಠನೇ ಹೊಗಳ್ತಿದ್ರು!”

ಬೇಡ ಅನ್ನಲಿಲ್ಲ ಕಣೆ, ಇನ್ನೊಂದು ಸಲ ಕೇಳಲಿ ಅಂತ ಕೂತಿದ್ದೆ ಅಂತ ಹೇಗೆ ಹೇಳುವುದು? ನಾಚಿಕೆ ಆಯಿತು. ಅವಳ ಖುಷಿಗೂ ಮಣ್ಣು ಬೀಳುತ್ತಿತ್ತು. “ಅಣ್ಣ ಒಪ್ಪಲಿಲ್ಲ ಮಾರಾಯ್ತಿ. ಒಂಟಿ ಹೆಂಗಸು ಅಷ್ಟು ದೂರ ಹೋಗೋದು ಬೇಡ ಅಂದ,” ಅಂತ ಹೇಳಿದೆ. ಅವಳಿಗೆ ಕಣ್ಣಲ್ಲಿ ನೀರು ಬಂತು. ನನ್ನ ಅಣ್ಣನಿಗೆ ಮನಸಾರೆ ಬೈದಳು. ಪಾಪ, ಆ ಹೊತ್ತಿಗೆ ಅವನು ಸಾಗರದಲ್ಲಿ ಯಾರಿಗೋ ಮೊಳೆ ತೂಗಿ ಕೊಡುತ್ತಿದ್ದಿರಬೇಕು.

ದೀಪಾವಳಿಗೆ ಹೋದಾಗ ಅಣ್ಣನಿಗೆ ಹೀಗೊಂದು ಕೆಲಸ ಬಂದಿತ್ತು, ಬಿಟ್ಟೆ ಅಂದೆ. ಅವನು ದೋಸೆ ಮುರಿಯುತ್ತಿದ್ದವನು ನಿಲ್ಲಿಸಿ ನನ್ನ ಮುಖ ನೋಡಿದ. “ಹೋಗ್ಬೇಕಿತ್ತಲ್ಲೇ. ನಾನೇ ಬಂದು ವಿಮಾನ ಹತ್ತಿಸ್ತಿದ್ದೆ. ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?” ಅಂದ. ಮನೆಯಲ್ಲಿ ಕೇಳುತ್ತೇನೆ ಅಂದವಳು ಮನೆಯಲ್ಲೂ ಕೇಳಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ನನ್ನಂಥವರನ್ನು ನೋಡಿಯೇ ಹುಟ್ಟಿದ ಗಾದೆ.

ಹುಡುಗಿ ಹೋದಳು. ಹೋಗಿ ಮೊದಲ ವಾರವೇ ವಿಡಿಯೋ ಕಾಲ್. “ಅಕ್ಕಾ, ಬಣ್ಣಗಳ ಪಾಠ ಹ್ಯಾಗೆ ಶುರು ಮಾಡ್ಲಿ? ಅಕ್ಕಾ, ಒಬ್ಬ ಬರೀ ಅಳ್ತಾನೆ, ಎಂಥ ಮಾಡ್ಲಿ?” ನಾನು ಹೇಳಿಕೊಡುತ್ತಿದ್ದೆ. ಭಾನುವಾರ ಕೂತು ಪಾಠ ತಯಾರು ಮಾಡಿ, ಚಿತ್ರ ಬರೆದು, ಫೋಟೋ ತೆಗೆದು ಕಳಿಸುತ್ತಿದ್ದೆ. ಒಂದು ದಿನ ಅವಳು ಫೋನನ್ನು ಕ್ಲಾಸಿನ ಕಡೆ ತಿರುಗಿಸಿದಳು. ಪುಟ್ಟ ಪುಟ್ಟ ಮುಖಗಳು, ಒಂದೇ ಥರದ ಟೀ ಶರ್ಟ್, ಎಲ್ಲರ ಕೈಯಲ್ಲೂ ನಾನು ಬರೆದ ಮಾವಿನಹಣ್ಣಿನ ಪ್ರತಿ. ನನಗೆ ಹಣ್ಣು ಬೇಕು ಟೀಚರ್ ಅಂತ ಇಂಗ್ಲಿಷಿನಲ್ಲಿ ಎಲ್ಲ ಒಟ್ಟಿಗೆ ಕೂಗಿದವು. ನಾನು ಕೈ ಬೀಸಿ ನಕ್ಕೆ. ಫೋನ್ ಇಟ್ಟ ಮೇಲೆ ಅತ್ತೆ. ಹೊಟ್ಟೆಕಿಚ್ಚು ಅಂತ ಬೇಕಾದರೆ ಅನ್ನಿ. ನನಗೆ ಅಲ್ಲಿ ನಿಲ್ಲಬೇಕಿತ್ತು.

ಆಮೇಲೆ ಬೇರೆ ಕಡೆಗೂ ಅರ್ಜಿ ಹಾಕಿದೆ. ಮತ್ತೆ ಅದೇ ಮಾತೃಭಾಷೆ, ಅದೇ ಪಾಸ್‌ಪೋರ್ಟ್, ಈಗ ಮೇಲಿಂದ ವಯಸ್ಸು. ಯಾರೂ ಸಂದರ್ಶನದ ತನಕ ಕರೆಯಲಿಲ್ಲ. ನನ್ನನ್ನು ಬೇಕು ಅಂದ ಶಾಲೆ ಒಂದೇ, ಅದೊಂದೇ. ದಿನ ಕಳೆದ ಹಾಗೆ ನಾನೊಂದು ನಿರ್ಧಾರ ಮಾಡಿಕೊಂಡೆ: ಹುಡುಗಿ ರಜೆಗೆ ಬಂದಾಗ ಬಾಯಿಬಿಟ್ಟು ಕೇಳುವುದು. ಸುತ್ತು ಬಳಸು ಇಲ್ಲ, ನೋಡಣ ಇಲ್ಲ. ಪಾತ್ರೆ ತೊಳೆಯುವಾಗ ಹೇಳಿ ಹೇಳಿ ಅಭ್ಯಾಸ ಮಾಡಿಕೊಂಡೆ. ಇಷ್ಟು ವಯಸ್ಸಾದ ಹೆಂಗಸು ನಲ್ಲಿ ಎದುರು ನಿಂತು “ನಂಗೆ ಬರ್ಬೇಕು” ಅಂತ ಬಾಯಿಪಾಠ ಮಾಡುವುದು ಕೇಳಿದ್ದರೆ ಟೈಲರ್ ನನ್ನನ್ನು ಮಣಿಪಾಲದ ಆಸ್ಪತ್ರೆಗೆ ಸಾಗಿಸುತ್ತಿದ್ದ.

ಈ ವರ್ಷ ಬೇಸಿಗೆಯಲ್ಲಿ ಅವಳು ಬಂದಳು. ಕಾರ್ಗಲ್ಲಿನಲ್ಲಿ ಅಪ್ಪ ಅಮ್ಮನ ಜೊತೆ ನಾಲ್ಕು ದಿನ ಇದ್ದು, ಬೆಳಗಿನ ಬಸ್ಸು ಹಿಡಿದು ತೀರ್ಥಹಳ್ಳಿಗೆ. ಕೂದಲು ಗಿಡ್ಡ ಮಾಡಿಸಿದ್ದಳು, ಇಂಗ್ಲಿಷ್ ಚೆನ್ನಾಗಿ ಪಳಗಿತ್ತು. ನನಗೊಂದು ರೇಷ್ಮೆ ಶಾಲು, ಒಂದು ಪೊಟ್ಟಣ ಅಲ್ಲಿಯ ಕಾಫಿ ಪುಡಿ ತಂದಿದ್ದಳು. ಅದನ್ನೇ ಮಾಡಿ ಕೊಟ್ಟೆ. ಎದುರು ಕೂತೆ.

“ಅಲ್ಲಿ ಜಾಗ ಖಾಲಿ ಇದ್ರೆ ಹೇಳು. ನಾನು ಬರ್ತೀನಿ. ನಂಗೆ ಬರ್ಬೇಕು ಅಂತ ಆಸೆ ಇದೆ,” ಅಂದೆ. ಅಂದೇಬಿಟ್ಟೆ! ಎದೆ ಹಗುರಾಯಿತು. ಇಷ್ಟೇ ಆಗಿತ್ತಾ ಅಂತ ನಗು ಬಂತು.

ಅವಳು ನಗಲಿಲ್ಲ. ಲೋಟ ಕೆಳಗಿಟ್ಟಳು.

“ಅಕ್ಕಾ... ಹೋದ ತಿಂಗಳು ಒಂದು ಜಾಗ ಖಾಲಿ ಆಗಿತ್ತು. ಮೇಡಂ ನನ್ನ ಕರೆದು, ನಿಮ್ಮಕ್ಕ ಈಗಲಾದ್ರೂ ಬರ್ತಾರಾ, ಕೇಳು ಅಂದ್ರು. ನಾನೇ...” ಅವಳು ನನ್ನ ಮುಖ ನೋಡಲಿಲ್ಲ. “ಅಕ್ಕನ ಮನೇಲಿ ಒಪ್ಪಲ್ಲ ಮೇಡಂ, ಕೇಳಿದ್ರೆ ಪಾಪ ಅವ್ರಿಗೆ ಮತ್ತೆ ಬೇಜಾರಾಗುತ್ತೆ, ಕೇಳ್ಬೇಡಿ ಅಂತ ನಾನೇ ಹೇಳ್ಬಿಟ್ಟೆ. ಬೇರೆಯವ್ರು ಬಂದಾಯ್ತು.”

“ಇನ್ನೊಂದು ಖಾಲಿ ಆದ್ರೆ?”

“ಮುಂದಿನ ಟರ್ಮಿಂದ ನಲವತ್ತೈದು ದಾಟಿದವ್ರನ್ನ ಹೊಸದಾಗಿ ತಗೊಳ್ಳಲ್ಲ ಅಕ್ಕಾ. ಹೊಸ ರೂಲು ಮಾಡಿದಾರೆ.”

ನನ್ನ ವಯಸ್ಸು ಅವಳಿಗೆ ಗೊತ್ತು. ನನಗೆ ನಲವತ್ತೈದು ತುಂಬಿದಾಗ ಅಲ್ಲಿಂದಲೇ ಫೋನಿನಲ್ಲಿ ಹುಟ್ಟುಹಬ್ಬದ ಹಾಡು ಹೇಳಿದ್ದಳು. ಹೊರಗೆ ಶಿವಮೊಗ್ಗದ ಬಸ್ಸಿನವನು ಹಾರ್ನ್ ಹಾಕುತ್ತಲೇ ಇದ್ದ. ಅವಳ ಕಣ್ಣು ತುಂಬಿ ಬಂತು.

“ನಾನು ತಪ್ಪು ಮಾಡಿದ್ನಾ ಅಕ್ಕಾ?”

ನನ್ನನ್ನು ನೋಯಿಸಬಾರದು ಅಂತ ಮಾಡಿದ ಹುಡುಗಿ. ಅವಳಿಗೆ ಅಣ್ಣ ಬೇಡ ಅಂದ ಅಂತ ಹೇಳಿದ್ದು ಯಾರು? ಈಗ ನಿಜ ಹೇಳಿದರೆ ಅದನ್ನು ಹೊತ್ತುಕೊಂಡೇ ಅವಳು ವಿಮಾನ ಹತ್ತಬೇಕು.

“ಛೆ, ಇಲ್ಲ ಮಾರಾಯ್ತಿ, ಒಳ್ಳೇದೇ ಮಾಡಿದ್ಯ. ಸುಮ್ನೆ ತಮಾಷೆಗೆ ಅಂದೆ. ಮನೇಲಿ ಎಲ್ಲಿ ಬಿಡ್ತಾರೆ ನನ್ನ?” ಅಂದೆ.

ಅವಳು ಉಸಿರು ಬಿಟ್ಟು, ಕಣ್ಣೊರೆಸಿಕೊಂಡು ನಕ್ಕಳು. ನಂಬಿದಳು.